ಹಿತ್ತಾಳೆ ಕಾಲಿನ ಇಟಾಲಿಯನ್ ಡೈನಿಂಗ್ ಟೇಬಲ್: ಹೆಸರಿಗೆ ದುಡ್ಡು ಕೊಡೋ ಮೊದ್ಲು ಕೆಳಗೆ ಬಗ್ಗಿ ನೋಡಿ

ಪ್ರಶ್ನೆ: ಕೆಲಸದ ಮೇಲೆ ಮಿಲಾನ್‌ನಲ್ಲಿದ್ದೀನಿ, ಮುಂದಿನ ವರ್ಷ ಫ್ಯಾಮಿಲಿ ಸಮೇತ ಮಂಗಳೂರಿಗೆ ವಾಪಸ್ ಬರ್ತಿದ್ದೀವಿ. ಕೋಮೊ ಕಡೆ ಒಂದು ಹಳೇ ಫರ್ನಿಚರ್ ಅಂಗಡೀಲಿ ಎಂಟು ಜನ ಕೂರೋ ಡೈನಿಂಗ್ ಟೇಬಲ್ ಇಷ್ಟ ಆಗಿದೆ. ವಾಲ್‌ನಟ್ ಮೇಲ್ಹಲಗೆ, ಕೆಳಗೆ ಹೋಗ್ತಾ ಸಣ್ಣ ಆಗೋ ನಾಲ್ಕು ಕಾಲು, ಕಾಲಿನ ತುದೀಲಿ ಹಿತ್ತಾಳೆ ಟೊಪ್ಪಿ, ಕಾಲುಗಳ ಮಧ್ಯೆ ಒಂದು ಹಿತ್ತಾಳೆ ಕಂಬಿ. 'ಜಿಯೋ ಪೋಂಟಿ, 1950ರ ದಶಕ' ಅಂತ ಚೀಟಿ ಹಾಕಿ 7,200 ಯೂರೊ ಹೇಳ್ತಿದ್ದಾರೆ. ಸಹಿ, ಲೇಬಲ್ ಏನೂ ಇಲ್ಲ. ನಂಬಬಹುದಾ? ಹಿತ್ತಾಳೆ ಕಪ್ಪಾಗಿದೆ, ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಫಳಫಳ ಅನ್ನತ್ತೆ ಅಂತಾರೆ ಅಮ್ಮ. ಮಂಗಳೂರಿನ ಮಳೆಗೆ ಇದು ತಡೆಯತ್ತಾ?

ಉತ್ತರ: ಜಿಯೋ ಪೋಂಟಿ ಅಂದ್ರೆ ಇಟಲಿಯ ಹೆಸರಾಂತ ಆರ್ಕಿಟೆಕ್ಟ್, ಡಿಸೈನರ್. ಮೊದ್ಲು ನೇರವಾಗಿ ಹೇಳ್ಬಿಡ್ತೀನಿ, ಕಾಗದ ಇಲ್ಲದ ಪೋಂಟಿಗೆ ಪೋಂಟಿ ರೇಟು ಕೊಡ್ಬೇಡಿ. ಹಾಗಂತ ಟೇಬಲ್ ಬಿಟ್ಟುಬಿಡಿ ಅಂತಾನೂ ನಾನು ಹೇಳ್ತಿಲ್ಲ, ಯಾಕಂದ್ರೆ ನೀವು ವರ್ಣಿಸಿರೋ ಥರದ ಟೇಬಲ್ಲು, ಹೆಸರೇ ಇಲ್ಲದೆ ಇದ್ರೂನೂ, ಒಳ್ಳೆ ಬಡಗಿ ಕೈಯಿಂದ ಬಂದಿದ್ರೆ ಇವತ್ತು ಹೊಸದಾಗಿ ಮಾಡಿಸೋಕೆ ಆಗದಂಥ ವಸ್ತು. ಹೆಸರಿಗೆ ಒಂದು ಬೆಲೆ, ಕೆಲಸಕ್ಕೆ ಇನ್ನೊಂದು ಬೆಲೆ, ಈ ಎರಡನ್ನೂ ತಲೇಲಿ ಬೇರೆ ಬೇರೆ ಇಟ್ಕೊಂಡು ಅಂಗಡಿಗೆ ಹೋಗಿ.

ನೀವು ನೋಡಿರೋ ಜಾಗಾನೇ ಮುಖ್ಯ ಇಲ್ಲಿ. ಮಿಲಾನ್‌ನಿಂದ ಉತ್ತರಕ್ಕೆ ಕೋಮೊ ಕಡೆ ಹೋಗೋ ಬ್ರಿಯಾಂತ್ಸಾ ಪ್ರದೇಶ ಇದೆಯಲ್ಲ, ಕಾಂತೂ, ಲಿಸ್ಸೋನೆ, ಮೇದಾ, ವರೇದೊ ಇತ್ಯಾದಿ ಊರುಗಳು, ಅಲ್ಲಿ ತಲೆತಲಾಂತರದಿಂದ ಪೀಠೋಪಕರಣದ್ದೇ ಕಸುಬು. ಕಸ್ಸೀನಾ ಕಂಪನಿ 1927ರಲ್ಲಿ ಶುರುವಾಗಿದ್ದು ಮೇದಾದಲ್ಲಿ, ಬೊರ್ಸಾನಿ ಮನೆತನದ ಕಾರ್ಖಾನೆ ಇದ್ದಿದ್ದು ವರೇದೊದಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಾನ್‌ನಲ್ಲಿ ಬಾಂಬ್ ಬಿದ್ದ ಮನೆಗಳೆಲ್ಲ ಹೊಸದಾಗಿ ಎದ್ವು, ಆರ್ಕಿಟೆಕ್ಟುಗಳು ಮನೆ ಡಿಸೈನ್ ಮಾಡೋವಾಗ ಊಟದ ಟೇಬಲ್ಲು, ಸೈಡ್‌ಬೋರ್ಡು ಎಲ್ಲಾನೂ ತಾವೇ ಗೀಚಿ ಕೊಡ್ತಿದ್ರು, ಅದನ್ನ ಮಾಡಿ ಕೊಡ್ತಿದ್ದಿದ್ದು ಇದೇ ಊರುಗಳ ವರ್ಕ್‌ಶಾಪುಗಳು. ಪೋಂಟಿಯ ಎಷ್ಟೋ ಪೀಠೋಪಕರಣ ಮಾಡಿದ್ದು ಜೊರ್ದಾನೊ ಕಿಯೇಜಾ ಅನ್ನೋ ಕುಶಲಕರ್ಮಿ. ಈಗ ಯೋಚನೆ ಮಾಡಿ, ಹೆಸರಾಂತ ಆರ್ಕಿಟೆಕ್ಟಿಗೆ ಟೇಬಲ್ ಮಾಡಿಕೊಟ್ಟ ಕೈ ಮುಂದಿನ ವಾರ ಅದೇ ಥರ ಚೂಪು ಕಾಲು, ಅದೇ ಥರ ಹಿತ್ತಾಳೆ ಟೊಪ್ಪಿ ಹಾಕಿ ಊರಿನ ಡಾಕ್ಟರಿಗೋ ಲಾಯರಿಗೋ ಇನ್ನೊಂದು ಟೇಬಲ್ ಮಾಡೋದು ಸಹಜ ಅಲ್ವಾ. ಅದರಲ್ಲಿ ಮೋಸ ಏನೂ ಇಲ್ಲ, ಆ ಕಾಲದ ರುಚಿ ಅದು. ಮೋಸ ಶುರುವಾಗೋದು ಎಪ್ಪತ್ತು ವರ್ಷ ಆದ್ಮೇಲೆ ಅದಕ್ಕೆ ಚೀಟಿ ಹಚ್ಚಿದಾಗ.

ಚೀಟಿ ಹಚ್ಚೋ ಆಸೆ ಎಲ್ಲಿಂದ ಬಂತು ಅಂದ್ರೆ ಹರಾಜಿನ ಬೆಲೆಗಳಿಂದ. ಟೊರಿನೊದ ಆರ್ಕಿಟೆಕ್ಟ್ ಕಾರ್ಲೊ ಮೊಲ್ಲೀನೊ 1949ರಲ್ಲಿ ಒಂದು ಮನೆಗೆ ಅಂತ ಡಿಸೈನ್ ಮಾಡಿದ ಓಕ್ ಮತ್ತೆ ಗಾಜಿನ ಟೇಬಲ್ಲು 2005ರಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಲ್ಲಿ 38 ಲಕ್ಷ ಡಾಲರ್‌ಗೂ ಮೇಲೆ ಹೋಯ್ತು. ಆಮೇಲೆ ಉತ್ತರ ಇಟಲಿಯ ಅಟ್ಟದ ಮೇಲೆ ಧೂಳು ಹಿಡೀತಿದ್ದ ಪ್ರತಿಯೊಂದು ಚೂಪುಕಾಲಿನ ಟೇಬಲ್ಲಿಗೂ ಒಬ್ಬ ಅಪ್ಪ ಬೇಕಾಯ್ತು. ನಾಲ್ಕೈದು ಹೆಸರು ಪದೇ ಪದೇ ಬರತ್ತೆ: ಜಿಯೋ ಪೋಂಟಿ, ಕೋಮೊದ ಈಕೊ ಪಾರೀಸಿ, ಪಾವ್ಲೊ ಬುಫ್ಫಾ, ಒಸ್ವಾಲ್ದೊ ಬೊರ್ಸಾನಿ, ಲಿಸ್ಸೋನೆಯ ವಿತ್ತೋರಿಯೊ ದಾಸ್ಸಿ. ಇವರೆಲ್ಲ ದೊಡ್ಡ ಕೆಲಸ ಮಾಡಿದವರೇ. ಅದರಲ್ಲೂ ಪೋಂಟಿ ಅಂದ್ರೆ ಆ ಕಾಲದ ಇಟಾಲಿಯನ್ ಡಿಸೈನ್‌ಗೇ ಯಜಮಾನ ಇದ್ದ ಹಾಗೆ, 1928ರಲ್ಲಿ ಡೋಮುಸ್ ಪತ್ರಿಕೆ ಶುರು ಮಾಡಿದವರು, ನೀವು ದಿನಾ ನೋಡ್ತಿರಬಹುದಾದ ಮಿಲಾನ್‌ನ ಪಿರೆಲ್ಲಿ ಟವರ್ ಅವರದ್ದೇ, 1957ರಲ್ಲಿ ಕಸ್ಸೀನಾಗೆ ಮಾಡಿಕೊಟ್ಟ ಸೂಪರ್‌ಲೆಜ್ಜೇರಾ ಕುರ್ಚಿ ಬರೀ 1.7 ಕಿಲೋ ತೂಗತ್ತೆ, ಒಂದು ಬೆರಳಲ್ಲಿ ಎತ್ತಬಹುದು. ಇಂಥವರ ಹೆಸರು ಸೇರಿದ ಕೂಡ್ಲೆ ಬೆಲೆ ಎಷ್ಟೋ ಪಟ್ಟು ಏರತ್ತೆ, ಅದಕ್ಕೇ ಸುಮ್ನೆ ಸೇರಿಸ್ತಾರೆ.

ಹಾಗಾಗಿ ಅಂಗಡಿಯವರಿಗೆ ಒಂದೇ ಪ್ರಶ್ನೆ ಕೇಳಿ, ಆರ್ಕೈವ್ ಸರ್ಟಿಫಿಕೇಟ್ ಇದೆಯಾ. ಪೋಂಟಿ ಕೆಲಸಕ್ಕೆ ಮಿಲಾನ್‌ನಲ್ಲೇ ಜಿಯೋ ಪೋಂಟಿ ಆರ್ಕೈವ್ಸ್ ಇದೆ, ಅವರು ಹಳೇ ಡ್ರಾಯಿಂಗು, ಫೋಟೊ ಜೊತೆ ಹೋಲಿಸಿ ಸರ್ಟಿಫಿಕೇಟ್ ಕೊಡ್ತಾರೆ. ಪಾರೀಸಿಗೆ ಕೋಮೊದಲ್ಲಿ, ಬೊರ್ಸಾನಿಗೆ ವರೇದೊದಲ್ಲಿ ಇದೇ ಥರ ಆರ್ಕೈವ್ ಇದೆ. ದೊಡ್ಡ ಹರಾಜು ಮನೆಗಳು ಈ ಕಾಗದ ಇಲ್ಲದೆ ಒಳ್ಳೆ ಬೆಲೆ ನಿರೀಕ್ಷೆನೇ ಮಾಡಲ್ಲ. ನಿಮ್ಮ ಅಂಗಡಿಯವರಿಗೆ ನಿಜವಾಗ್ಲೂ ಪೋಂಟಿ ಅನ್ನೋ ನಂಬಿಕೆ ಇದ್ರೆ, ಮಿಲಾನ್ ಅಲ್ಲೇ ಪಕ್ಕದಲ್ಲಿರೋವಾಗ, ಸರ್ಟಿಫಿಕೇಟ್ ಮಾಡಿಸಿ ಇನ್ನೂ ಜಾಸ್ತಿ ಬೆಲೆಗೆ ಮಾರೋದು ಬಿಟ್ಟು ಬರೀ ಚೀಟಿ ಯಾಕೆ ಹಚ್ಚಿದ್ದಾರೆ? ಇದನ್ನ ಜಗಳದ ಥರ ಕೇಳ್ಬೇಡಿ, ಮೃದುವಾಗೇ ಕೇಳಿ, ಉತ್ತರ ಹೇಗೆ ಬರತ್ತೆ ಅನ್ನೋದ್ರಲ್ಲೇ ಅರ್ಧ ವಿಷಯ ತಿಳಿಯತ್ತೆ. 'ಅಟ್ರಿಬ್ಯೂಟೆಡ್' (ಅವರದ್ದಿರಬಹುದು), 'ಸ್ಟೈಲ್ ಆಫ್' (ಅವರ ಶೈಲೀದು) ಅಂತ ಮಾತು ತಿರುಗಿಸಿದ್ರೆ ಬೆಲೆಯನ್ನೂ ತಿರುಗಿಸಿ ಅನ್ನಿ. ಹಾಗೇ ಇನ್ನೊಂದು ವಿಷಯ, ಮೊಲ್ತೇನಿ ಕಂಪನಿ 2012ರಿಂದ ಪೋಂಟಿಯ ಹಳೇ ಡಿಸೈನ್‌ಗಳನ್ನ ಹಕ್ಕು ಪಡೆದು ಹೊಸದಾಗಿ ಮಾಡ್ತಿದೆ, ಅದರಲ್ಲಿ ಟೇಬಲ್ಲೂ ಇದೆ. ಅವು ಹಳೇವಲ್ಲ, ಆದ್ರೆ ನಕಲೂ ಅಲ್ಲ, ಕಾಗದ ಸಮೇತ ಬರೋ ಹೊಸ ವಸ್ತು.

ಈಗ ಕೆಲಸದ ಬೆಲೆಗೆ ಬರೋಣ. ಅದಕ್ಕೆ ನೀವು ಟೇಬಲ್ ಕೆಳಗೆ ಮಲಗಬೇಕು, ಕೈಯಲ್ಲಿ ಒಂದು ಟಾರ್ಚು, ಒಂದು ಮ್ಯಾಗ್ನೆಟ್ಟು. ಮೇಲ್ಭಾಗವನ್ನ ಯಾರು ಬೇಕಾದ್ರೂ ಪಾಲಿಶ್ ಮಾಡಿ ಚಂದ ಮಾಡ್ತಾರೆ, ಕೆಳಭಾಗಕ್ಕೆ ಸಾಮಾನ್ಯ ಯಾರೂ ಕೈ ಹಾಕಿರಲ್ಲ.

ಟಾರ್ಚ್ ಬೆಳಕನ್ನ ನೇರವಾಗಿ ಬಿಡಬೇಡಿ, ಹಲಗೆಗೆ ಒರಗಿಸಿದ ಹಾಗೆ ಅಡ್ಡಡ್ಡ ಬಿಡಿ. ಆಗ ಉಳಿ, ಹತ್ರಿ ಆಡಿದ ಗುರುತುಗಳು ಸಣ್ಣ ಅಲೆ ಥರ ಎದ್ದು ಕಾಣತ್ವೆ. ಬಣ್ಣ ನೋಡಿ, ಗಾಳಿ ಆಡೋ ಕಡೆ ಮರ ಒಂದು ಬಣ್ಣ, ಚೌಕಟ್ಟಿನ ಮೂಲೆ ಒಳಗೆ ಇನ್ನೊಂದು ಬಣ್ಣ ಇರಬೇಕು, ಎಪ್ಪತ್ತು ವರ್ಷದ ಆಕ್ಸಿಡೇಶನ್ ಎಲ್ಲಾ ಕಡೆ ಒಂದೇ ಸಮ ಆಗಲ್ಲ. ಕೆಳಗಡೆ ಎಲ್ಲಾ ಒಂದೇ ಕಂದು ಬಣ್ಣ ಹೊಡೆದ ಹಾಗಿದ್ರೆ ಯಾರೋ ಸ್ಟೇನ್ ಬಳಿದಿದ್ದಾರೆ, ಯಾಕೆ ಬಳಿದ್ರು ಅಂತ ಕೇಳಿ. ಸ್ಕ್ರೂ ತಲೆ ನೋಡಿ. ಆ ಕಾಲದ ಇಟಾಲಿಯನ್ ಕೆಲಸದಲ್ಲಿ ಹೆಚ್ಚಾಗಿ ಸಿಗೋದು ಒಂದೇ ಗೀಟಿನ ಸ್ಕ್ರೂ. ಕೂಡಿಸೋ ಚಿಹ್ನೆಯ ನಡುವೆ ಇನ್ನೂ ನಾಲ್ಕು ಸಣ್ಣ ಗೆರೆ ಇರೋ ಪೋಜಿಡ್ರೈವ್ ಸ್ಕ್ರೂ 1960ರ ದಶಕದಿಂದೀಚೆಗೆ ಬಂದಿದ್ದು, ಅದು ಕಂಡ್ರೆ ಒಂದೋ ರಿಪೇರಿ ಆಗಿದೆ ಇಲ್ಲಾ ಟೇಬಲ್ಲೇ ಆಮೇಲಿಂದು. ಸಾಧ್ಯ ಆದ್ರೆ ಒಂದು ಸ್ಕ್ರೂ ಬಿಚ್ಚಿ ನೋಡೋಕೆ ಬಿಡಿ ಅಂತ ಕೇಳಿ. ವಾಲ್‌ನಟ್‌ನಲ್ಲಿ ಟ್ಯಾನಿನ್ ಅನ್ನೋ ಒಗರು ಪದಾರ್ಥ ಇರತ್ತೆ, ಕಬ್ಬಿಣದ ಸ್ಕ್ರೂ ದಶಕಗಟ್ಟಲೆ ಅದರೊಳಗೆ ಇದ್ರೆ ತೂತಿನ ಸುತ್ತ ಮರ ಶಾಯಿ ಬಿದ್ದ ಹಾಗೆ ಕಪ್ಪಾಗಿರತ್ತೆ. ಆ ಕಪ್ಪನ್ನ ಒಂದೇ ದಿನದಲ್ಲಿ ನಂಬೋ ಹಾಗೆ ತರಿಸೋದು ಕಷ್ಟ.

ಆಮೇಲೆ ಹಲಗೆ ಯಾವುದು ಅಂತ ಅಂಚಿನಲ್ಲಿ ಹುಡುಕಿ. ಇಡೀ ಮರದ್ದಾ, ಇಲ್ಲ ಪಟ್ಟಿ ಜೋಡಿಸಿದ ಬ್ಲಾಕ್‌ಬೋರ್ಡ್ ಮೇಲೆ ವಿನೀರ್, ಅಂದ್ರೆ ಮರದ ತೆಳು ಹಾಳೆ, ಅಂಟಿಸಿದ್ದಾ? ವಿನೀರ್ ಅಂದ ಕೂಡ್ಲೆ ಮೂಗು ಮುರೀಬೇಡಿ, ಆ ಕಾಲದ ಅತ್ಯುತ್ತಮ ಟೇಬಲ್ಲುಗಳಲ್ಲೂ ವಿನೀರ್ ಇದೆ, ಅಷ್ಟು ಅಗಲದ ಹಲಗೆ ಬಾಗದೆ ಇರಲಿ ಅಂತಾನೇ ಹಾಗೆ ಮಾಡ್ತಿದ್ರು. ಆದ್ರೆ ಅಂಚಿನಲ್ಲಿ ಎಲ್ಲಾದ್ರೂ ಎಂಡಿಎಫ್‌ನ, ಅಂದ್ರೆ ಮರದ ನಾರು ಒತ್ತಿ ಮಾಡಿದ ಹಲಗೆಯ, ಆ ನುಣ್ಣನೆ ರಟ್ಟಿನಂಥ ಕಂದು ಪುಡಿ ಕಂಡ್ರೆ ಅಲ್ಲೇ ಮಾತು ಮುಗೀತು, 1950ರ ದಶಕದ ಇಟಲೀಲಿ ಎಂಡಿಎಫ್ ಇರಲೇ ಇಲ್ಲ. ಮೇಲಿನ ವಿನೀರ್ ಎಷ್ಟು ಉಳಿದಿದೆ ಅನ್ನೋದನ್ನೂ ನೋಡಿ, ತುಂಬ ಸಲ ಉಜ್ಜಿ ಪಾಲಿಶ್ ಮಾಡಿದ್ರೆ ಅಂಚು, ಮೂಲೆ ಹತ್ರ ವಿನೀರ್ ತೆಳ್ಳಗಾಗಿ ಕೆಳಗಿನ ಮರದ ಬಣ್ಣ ಇಣುಕ್ತಾ ಇರತ್ತೆ. ಅದಕ್ಕೆ ಮದ್ದಿಲ್ಲ.

ಇನ್ನು ಹಿತ್ತಾಳೆ. ಮ್ಯಾಗ್ನೆಟ್ ಹಿಡೀರಿ, ಹಿತ್ತಾಳೆ ಅಂದ್ರೆ ತಾಮ್ರ ಮತ್ತೆ ಸತು, ಮ್ಯಾಗ್ನೆಟ್ ಅಂಟಲ್ಲ. ಅಂಟಿದ್ರೆ ಒಳಗೆ ಉಕ್ಕು ಇದೆ, ಮೇಲೆ ಬರೀ ಲೇಪ. ಕಂಬಿಗೆ ಉಕ್ಕಿನ ಕೊಳವೆ, ಅದರ ಮೇಲೆ ಹಿತ್ತಾಳೆ ತಗಡು ಸುತ್ತಿದ್ದೂ ಇರಬಹುದು, ಅದು ತಪ್ಪೇನಲ್ಲ, ಆದ್ರೆ ಎಲೆಕ್ಟ್ರೋಪ್ಲೇಟಿಂಗ್ ಆಗಿದ್ರೆ ಮಂಗಳೂರಿನ ಗಾಳಿಗೆ ಬಹಳ ದಿನ ಬಾಳಲ್ಲ. ಸವೆತ ಎಲ್ಲಿದೆ ನೋಡಿ. ಜನ ಊಟಕ್ಕೆ ಕೂತಾಗ ಕಂಬಿ ಮೇಲೆ ಕಾಲಿಡ್ತಾರೆ, ಚಪ್ಪಲಿ ಶೂ ತಾಗೋ ಮೇಲ್ಮೈ ಒಂದು ಥರ ಸವೆದಿರಬೇಕು, ಕೆಳಮೈ ಕಪ್ಪಾಗಿ ಹಾಗೇ ಇರಬೇಕು. ಸುತ್ತಲೂ ಒಂದೇ ಸಮ ಕಪ್ಪಾಗಿದ್ರೆ ಕೆಮಿಕಲ್ ಹಾಕಿ ಹಳೇದು ಮಾಡಿರೋ ಸಾಧ್ಯತೆ ಇದೆ.

ಕಾಲಿನ ಟೊಪ್ಪಿಗಳ ವಿಷಯ ಸ್ವಲ್ಪ ವಿವರವಾಗೇ ಹೇಳ್ತೀನಿ, ನನ್ನ ರಿಪೇರಿ ಕೆಲಸದಲ್ಲಿ ಅತಿ ಹೆಚ್ಚು ಸತ್ಯ ಹೇಳೋ ಭಾಗ ಇದೇ. ಕಾಲಿನ ತುದಿಯನ್ನ ಟೊಪ್ಪಿ ಅಳತೆಗೆ ಒಂದು ಮೆಟ್ಟಿಲು ಇಳಿಸಿ ಕೆತ್ತಿ, ಮೇಲೆ ಟೊಪ್ಪಿ ಕೂರಿಸಿ, ಪಕ್ಕದಿಂದ ಒಂದು ಸಣ್ಣ ಪಿನ್ನೋ ಸ್ಕ್ರೂನೋ ಹಾಕಿರ್ತಾರೆ. ಚೆನ್ನಾಗಿ ಮಾಡಿದ್ರಲ್ಲಿ ಮರದಿಂದ ಹಿತ್ತಾಳೆಗೆ ಉಗುರು ಎಳೆದ್ರೆ ಎಲ್ಲೂ ಸಿಕ್ಕಿಹಾಕ್ಕೊಳ್ಳಲ್ಲ, ಎರಡೂ ಒಂದೇ ಇಳಿಜಾರಲ್ಲಿ ಹೋಗತ್ವೆ. ಸಡಿಲ ಆಗಿರೋ ಟೊಪ್ಪಿ ಒಂದಾದ್ರೂ ಇರತ್ತೆ, ಅದನ್ನ ಮೆಲ್ಲಗೆ ಜಾರಿಸಿ ನೋಡೋಕೆ ಒಪ್ಪಿಸಿ. ಒಳಗಿನ ಮರ ತಿಳಿಬಣ್ಣಕ್ಕೆ, ಪಾಲಿಶ್ ಇಲ್ಲದೆ, ಕೆತ್ತಿದ ಗುರುತು ಸಮೇತ ಇರಬೇಕು, ಟೊಪ್ಪಿಯ ಮೇಲಂಚು ಕೂತಿದ್ದ ಕಡೆ ಸಣ್ಣದೊಂದು ಹಸಿರು ಕಪ್ಪು ಗೆರೆ ಇರಬೇಕು. ಅದರ ಬದಲು ಟೊಪ್ಪಿ ಒಳಗೂ ವಾರ್ನಿಶ್ ಕಂಡ್ರೆ? ಮಾಮೂಲಿ ಮರದ ಕಾಲಿಗೆ ಆಮೇಲೆ ಹಿತ್ತಾಳೆ ತೊಡಿಸಿದ್ದಾರೆ ಅಂತ ಅರ್ಥ. ಹಿತ್ತಾಳೆ ಇದ್ರೆ ಬೆಲೆ ಬರತ್ತೆ ಅನ್ನೋದು ಎಲ್ಲರಿಗೂ ಗೊತ್ತು.

ಈಗ ಅಮ್ಮನ ಹುಣಸೆಹಣ್ಣು. ದೇವರ ದೀಪಕ್ಕೆ, ಚೊಂಬಿಗೆ ಹುಣಸೆಹಣ್ಣು ಸರಿ, ಅವನ್ನ ತೊಳೆದು ಒರೆಸಿ ಬಿಸಿಲಿಗಿಡ್ತೀವಿ. ಟೇಬಲ್ ಕಾಲನ್ನ ಹಾಗೆ ತೊಳೆಯೋಕಾಗಲ್ಲ. ಹುಳಿ ನೀರು ಟೊಪ್ಪಿ ಮತ್ತೆ ಮರದ ಸಂದಿಗೆ ಇಳಿದು ಅಲ್ಲೇ ಕೂರತ್ತೆ, ಒಳಗೊಳಗೇ ಹಿತ್ತಾಳೆನ ತಿಂದು ಹಸಿರು ಕಿಲುಬು ಮಾಡತ್ತೆ, ಮರಕ್ಕೂ ಕಲೆ ಹಿಡಿಸತ್ತೆ. ಹುಳಿಯಿಂದ ಪದೇ ಪದೇ ತಿಕ್ಕಿದ್ರೆ ಮೇಲ್ಮೈಯಲ್ಲಿ ಸತು ಹೋಗಿ ತಾಮ್ರ ಉಳಿದು ಕೆಂಪು ಛಾಯೆ ಬರತ್ತಲ್ಲ, ಅದು ಬೇರೆ. ಪಾತ್ರೆ ಪುಡಿಗಳಂತೂ ಬೇಡವೇ ಬೇಡ, ಗೀರು ಬೀಳತ್ತೆ, ಬಿಳಿ ಪುಡಿ ಸಂದೀಲಿ ಸಿಕ್ಕಿ ಗಟ್ಟಿಯಾಗತ್ತೆ. ಅಮೋನಿಯಾ ಇರೋ ಮೆಟಲ್ ಪಾಲಿಶ್, ಗ್ಲಾಸ್ ಕ್ಲೀನರ್ ಕೂಡ ಬೇಡ. ಇದಕ್ಕೆ ನಮ್ಮ ದೇಶದ್ದೇ ಒಂದು ಹಳೇ ಪಾಠ ಇದೆ: ಬ್ರಿಟಿಷ್ ಸೈನ್ಯದವರು ಇಲ್ಲಿ ಮಳೆಗಾಲದಲ್ಲಿ ಹಿತ್ತಾಳೆ ತೋಟಾಗಳನ್ನ ಕುದುರೆ ಲಾಯದಲ್ಲಿಟ್ರೆ ಅವು ತಾವಾಗೇ ಬಿರುಕು ಬಿಡ್ತಿದ್ವು. ಕಾರಣ ಕುದುರೆ ಗಂಜಲದ ಅಮೋನಿಯಾ, ಜೊತೆಗೆ ತೇವ, ಜೊತೆಗೆ ತೋಟಾ ಒತ್ತಿ ಮಾಡೋವಾಗ ಲೋಹದಲ್ಲಿ ಉಳಿದುಹೋದ ಬಿಗಿತ. ಮಳೆಗಾಲದಲ್ಲಿ ಆಗ್ತಿದ್ದಿದ್ರಿಂದ ಮೆಟಲರ್ಜಿಯವರು ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತಾನೇ ಹೆಸರಿಟ್ರು. ತಗಡು ಒತ್ತಿ ಮಾಡಿದ ಟೊಪ್ಪಿಯಲ್ಲೂ ಅದೇ ಬಿಗಿತ ಇರತ್ತೆ, ಮಂಗಳೂರಲ್ಲಿ ತೇವಕ್ಕೇನೂ ಕಮ್ಮಿ ಇಲ್ಲ, ಅಮೋನಿಯಾ ಮಾತ್ರ ನೀವು ತಂದು ಕೊಡಬೇಡಿ.

ಹಾಗಾದ್ರೆ ಏನ್ ಮಾಡೋದು ಅಂದ್ರೆ, ಸ್ವಲ್ಪಾನೇ. ಮೆತ್ತನೆ ಬಟ್ಟೆ ಸ್ವಲ್ಪವೇ ಸ್ವಲ್ಪ ಒದ್ದೆ ಮಾಡಿ, ಒಂದು ಹನಿ ಮೈಲ್ಡ್ ಸೋಪು, ಒರೆಸಿ, ತಕ್ಷಣ ಒಣಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ತೆಳ್ಳಗೆ ಹಚ್ಚಿ. ಮ್ಯೂಸಿಯಂಗಳಲ್ಲಿ ಬಳಸೋದೂ ಅದನ್ನೇ. ಆ ಕಂದುಗಪ್ಪು ಬಣ್ಣ ಕೊಳೆ ಅಲ್ಲ, ಅದು ಹಿತ್ತಾಳೆಗೆ ಕಾಲ ಹೊದಿಸಿದ ಪದರ, ಕೊಳ್ಳೋರು ದುಡ್ಡು ಕೊಡೋದು ಅದಕ್ಕೂ ಸೇರಿಸೇ. ಫಳಫಳ ಮಾಡಿದ ದಿನವೇ ಬೆಲೆ ಇಳಿಯತ್ತೆ. ಹಸಿರು ಪುಡಿ ಎಲ್ಲಾದ್ರೂ ಎದ್ದಿದ್ರೆ ಅದು ಮಾತ್ರ ಬೇರೆ ವಿಷಯ, ಅದನ್ನ ಮರದ ಕಡ್ಡಿಯಿಂದ ಕೆರೆದು ತೆಗೀಬೇಕು, ಬಿಡೋ ಹಾಗಿಲ್ಲ.

ಮರದ ಮೇಲಿನ ಪಾಲಿಶ್ ಯಾವುದು ಅಂತ ತಿಳ್ಕೊಳ್ಳೋದೂ ಮುಖ್ಯ. ಕೆಳಗೆ ಕಾಣದ ಮೂಲೇಲಿ ಪಾಲಿಶ್ ಇರೋ ಜಾಗ ನೋಡಿ ಹತ್ತಿಕಡ್ಡಿಗೆ ಸ್ಪಿರಿಟ್ ಹಚ್ಚಿ ಮುಟ್ಟಿಸಿ, ಅಂಟಂಟಾದ್ರೆ ಶೆಲ್ಲ್ಯಾಕ್, ಅಂದ್ರೆ ನಮ್ಮ ಅರಗು. ಯುವಿ ಟಾರ್ಚ್ ಬಿಟ್ರೂ ಗೊತ್ತಾಗತ್ತೆ, ಶೆಲ್ಲ್ಯಾಕ್ ಸಾಮಾನ್ಯವಾಗಿ ಕಿತ್ತಳೆ ಬಣ್ಣಕ್ಕೆ ಹೊಳೆಯತ್ತೆ. ಜಗತ್ತಿಗೆ ಅರಗು ಹೋಗ್ತಿದ್ದಿದ್ದು ಬಹುಪಾಲು ಭಾರತದಿಂದಾನೇ, ಹಾಗಾಗಿ ಆ ಟೇಬಲ್ಲಿನ ಹೊಳಪು ನಮ್ಮ ಕಾಡಿಂದಾನೇ ಹೋಗಿದ್ದಿರಬಹುದು ಅಂತ ನೆನೆಸಿಕೊಂಡ್ರೆ ನನಗಂತೂ ಖುಷಿಯಾಗತ್ತೆ. ಸ್ಪಿರಿಟ್ಟಿಗೆ ಕರಗದೆ ಥಿನ್ನರ್‌ಗೆ ಕರಗಿದ್ರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಯಾವುದಕ್ಕೂ ಬಗ್ಗದ ಗಾಜಿನಂಥ ದಪ್ಪ ಹೊಳಪಿದ್ರೆ ಪಾಲಿಯೆಸ್ಟರ್, 1960ರ ದಶಕದಲ್ಲಿ ಇಟಲೀಲಿ ಅದು ಜೋರಾಗಿತ್ತು. ಶೆಲ್ಲ್ಯಾಕ್ ಆದ್ರೆ ಬಿಸಿ ಸಾಂಬಾರ್ ಪಾತ್ರೆ ನೇರ ಇಡೋ ಹಾಗಿಲ್ಲ, ಒದ್ದೆ ಲೋಟದಿಂದ ಬಿಳಿ ಉಂಗುರ ಬೀಳತ್ತೆ. ಆದ್ರೆ ರಿಪೇರಿಗೆ ಅದರಷ್ಟು ಸುಲಭದ್ದು ಇನ್ನೊಂದಿಲ್ಲ.

ಮಂಗಳೂರಿನ ಮಳೆಗೆ ತಡೆಯತ್ತಾ ಅಂತ ಕೇಳಿದ್ರಿ. ತಡೆಯತ್ತೆ, ಆದ್ರೆ ತಯಾರಿ ಬೇಕು. ಚಳಿಗಾಲದಲ್ಲಿ ಹೀಟರ್ ಹಾಕಿರೋ ಮಿಲಾನ್ ಮನೇಲಿ ಗಾಳಿ ಒಣಕಲು, ಜುಲೈ ತಿಂಗಳ ಮಂಗಳೂರಲ್ಲಿ ಗೋಡೆನೇ ಬೆವರತ್ತೆ. ಇಡೀ ವಾಲ್‌ನಟ್ ಹಲಗೆ ಆಗಿದ್ದು ಒಂದು ಮೀಟರ್ ಅಗಲ ಇದ್ರೆ, ಮರದೊಳಗಿನ ತೇವ ನಾಲ್ಕು ಪರ್ಸೆಂಟ್ ಏರಿದ್ರೆ ಸಾಕು, ಅಗಲದಲ್ಲಿ ಎಂಟು ಹತ್ತು ಮಿಲಿಮೀಟರ್ ಉಬ್ಬತ್ತೆ. ಹಿತ್ತಾಳೆಗೆ ತೇವದ ಹಂಗಿಲ್ಲ, ಅದು ಇದ್ದಷ್ಟೇ ಇರತ್ತೆ, ಹಾಗಾಗಿ ಎರಡೂ ಸೇರೋ ಕಡೆ ಜಗಳ. ಒಳ್ಳೆ ಬಡಗಿ ಹಲಗೆ ಹಿಡಿಸೋ ಸ್ಕ್ರೂಗೆ ದುಂಡು ತೂತಿನ ಬದಲು ಉದ್ದುದ್ದ ತೂತು ಬಿಟ್ಟಿರ್ತಾನೆ, ಮರ ಆ ಕಡೆ ಈ ಕಡೆ ಸರಿದಾಡಲಿ ಅಂತ. ಕೆಳಗೆ ಮಲಗಿದಾಗ ಅದನ್ನೂ ನೋಡ್ಕೊಳ್ಳಿ. ಇನ್ನೊಂದು, ಆ ಕಾಲದಲ್ಲಿ ಎಷ್ಟೋ ಕಡೆ ಬಳಸಿರೋದು ಪ್ರಾಣಿಜನ್ಯ ಅಂಟು, ಸಂದೀಲಿ ಗಾಜಿನ ಹನಿ ಥರ ಕಂದು ಅಂಟು ಗಟ್ಟಿಯಾಗಿದ್ರೆ ಅದೇ. ತುಂಬ ತೇವ, ಸೆಕೆ ಎರಡೂ ಸೇರಿದ್ರೆ ಅದು ಮೆತ್ತಗಾಗತ್ತೆ, ವಿನೀರ್ ಅಂಚು ಏಳತ್ತೆ. ಊಟದ ಕೋಣೇಲಿ ಮಳೆಗಾಲದ ಮೂರ್ನಾಲ್ಕು ತಿಂಗಳು ಡಿಹ್ಯೂಮಿಡಿಫೈಯರ್ ಇಡೋಕೆ ಮನಸ್ಸಿದ್ರೆ ತನ್ನಿ, ಬಾಗಿಲು ಕಿಟಕಿ ತೆಗೆದೇ ಇರೋ ಹಳೇ ಮನೆ, ಸಮುದ್ರದ ಉಪ್ಪುಗಾಳಿ ನೇರ ಬರತ್ತೆ ಅಂದ್ರೆ ನಾನಾದ್ರೆ ಯೋಚನೆ ಮಾಡ್ತೀನಿ. ಟೇಬಲ್ ಬಂದ ಮೇಲೂ ಗೋಡೆಗೆ ತಾಗಿಸಿ ಇಡ್ಬೇಡಿ, ಪ್ಲಾಸ್ಟಿಕ್ ಶೀಟ್ ಹೊದಿಸಲೇಬೇಡಿ, ಒಳಗೆ ಬೂಸ್ಟು ಕಟ್ಟತ್ತೆ. ಗೆದ್ದಲಿನ ಕಥೆ ನಿಮಗೆ ಗೊತ್ತಿರೋದೇ. ಅಲ್ಲಿಂದಾನೇ ಬರೋ ಮರಹುಳು ಇದೆಯಾ ಅಂತ ಮೊದ್ಲೇ ನೋಡಿ, ಒಂದೆರಡು ಮಿಲಿಮೀಟರಿನ ದುಂಡು ತೂತು, ಕೆಳಗೆ ತಿಳಿಬಣ್ಣದ ಹೊಸ ಪುಡಿ ಉದುರಿದ್ರೆ ಹುಳು ಇನ್ನೂ ಜೀವಂತ.

ಕಾಗದಪತ್ರದ ಬಗ್ಗೆ ಚುಟುಕಾಗಿ. ಮರ ವಾಲ್‌ನಟ್ಟೇ ಅಂತ ಖಾತ್ರಿ ಮಾಡ್ಕೊಳ್ಳಿ, ಬಿಲ್ಲಲ್ಲಿ ಬರೆಸಿ. ಇದೇ ಥರದ ಎಷ್ಟೋ ಟೇಬಲ್ಲು ಪಲಿಸ್ಸಾಂದ್ರೊ, ಅಂದ್ರೆ ರೋಸ್‌ವುಡ್‌ನದ್ದು, ಅದು ಬ್ರೆಜಿಲ್ ರೋಸ್‌ವುಡ್ ಆಗಿದ್ರೆ 1992ರಿಂದ ಸೈಟಿಸ್ ಒಪ್ಪಂದದ (ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರದ ಬಗ್ಗೆ ದೇಶಗಳ ನಡುವಿನ ಒಪ್ಪಂದ) ಅತಿ ಬಿಗಿ ಪಟ್ಟೀಲಿದೆ, ನಮ್ಮ ಬೀಟೆ ಸೇರಿ ಆ ಕುಲದ ಬೇರೆ ಮರಗಳೂ 2017ರಿಂದ ಎರಡನೇ ಪಟ್ಟೀಲಿವೆ, ಪರ್ಮಿಟ್ ವಿಚಾರಿಸದೆ ಗಡಿ ದಾಟಿಸೋಕೆ ಹೋಗ್ಬೇಡಿ. ಇಟಲಿ ಕಡೆಯಿಂದ, ತೀರಿಹೋದ ಡಿಸೈನರ್‌ನ 70 ವರ್ಷ ದಾಟಿದ ಕೆಲಸ ದೇಶದಿಂದ ಹೊರಗೆ ಹೋಗೋಕೆ ಎಕ್ಸ್‌ಪೋರ್ಟ್ ಆಫೀಸಿನ ಕಾಗದ ಬೇಕು, ಬೆಲೆ 13,500 ಯೂರೊ ಒಳಗಿದ್ರೆ ಸ್ವಯಂ ಘೋಷಣೆ ಸಾಕಾಗತ್ತೆ. ಪೋಂಟಿ ತೀರಿಕೊಂಡಿದ್ದು 1979ರಲ್ಲಿ, ಹಾಗಾಗಿ ಅಂಗಡಿಯವರು ಬಿಲ್ಲಲ್ಲಿ '1952, ಪೋಂಟಿ' ಅಂತ ಬರೆದುಕೊಟ್ರೆ ಈ ನಿಯಮ ನಿಮಗೆ ಅನ್ವಯ ಆಗತ್ತೆ. ಭಾರತದ ಕಸ್ಟಮ್ಸ್‌ನಲ್ಲಿ ಆಂಟಿಕ್ ಅಂದ್ರೆ 100 ವರ್ಷ ದಾಟಿರಬೇಕು, ಇದು ಬರೀ ಬಳಸಿದ ಪೀಠೋಪಕರಣ, ಹಾಗಾಗಿ ನೀವು ಊರಿಗೆ ವಾಪಸ್ ಬರೋವಾಗ ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್ (ಹೊರದೇಶದಿಂದ ವಾಸ ಬದಲಿಸಿ ಬರೋರಿಗೆ ಇರೋ ಕಸ್ಟಮ್ಸ್ ನಿಯಮ) ಅಡಿಯಲ್ಲಿ ಮನೆ ಸಾಮಾನಿನ ಜೊತೆ ತರೋದು ಒಳ್ಳೇದು, ಕ್ಲಿಯರಿಂಗ್ ಏಜೆಂಟ್ ಹತ್ರ ನಿಮ್ಮ ಅರ್ಹತೆ ಮೊದ್ಲೇ ಕೇಳಿಟ್ಕೊಳ್ಳಿ. ಪ್ಯಾಕಿಂಗ್ ಮರದ ಪೆಟ್ಟಿಗೆ ಮೇಲೆ ಐಎಸ್‌ಪಿಎಂ 15 ಮುದ್ರೆ, ಅಂದ್ರೆ ಆ ಮರಕ್ಕೆ ಹುಳು ಸಾಯೋ ಹಾಗೆ ಉಪಚಾರ ಆಗಿದೆ ಅನ್ನೋ ಗುರುತು, ಇರಲೇಬೇಕು.

ಕೊನೇದಾಗಿ ಬೆಲೆ. ಸರ್ಟಿಫಿಕೇಟ್ ಇಲ್ಲ, ಆದ್ರೆ ಮೇಲೆ ಹೇಳಿದ್ದೆಲ್ಲ ಸರಿಯಿದೆ, ಹಿತ್ತಾಳೆ ಗಟ್ಟಿ, ಟೊಪ್ಪಿಗಳು ಮೂಲದ್ದೇ, ವಿನೀರ್ ದಪ್ಪಗಿದೆ ಅಂದ್ರೆ ನಾನು 'ಕಾಂತೂ ಕಡೆಯ ವರ್ಕ್‌ಶಾಪಿನ ಟೇಬಲ್' ಅನ್ನೋ ಲೆಕ್ಕದಲ್ಲಿ ಹೇಳಿದ ಬೆಲೆಯ ಅರ್ಧಕ್ಕಿಂತ ಕೆಳಗಿಂದ ಮಾತು ಶುರು ಮಾಡ್ತೀನಿ, ಅರ್ಧ ದಾಟಲ್ಲ. ಬಿಲ್ಲಲ್ಲಿ ಪೋಂಟಿ ಹೆಸರು ಬರೆಯೋಕೆ ಅಂಗಡಿಯವರು ಹಿಂಜರಿದ್ರೆ ಅಲ್ಲೇ ಚೌಕಾಸಿ ಮಾಡೋಕೆ ಜಾಗ ಸಿಕ್ತು ಅಂತ ತಿಳ್ಕೊಳ್ಳಿ. ಮತ್ತೆ ಕೊಂಡ ಮೇಲೆ ಸಾಗಿಸೋವಾಗ ಕಾಲು ಬಿಚ್ಚೋ ಹಾಗಿದ್ರೆ ಬಿಚ್ಚಿಸಿ, ಯಾವ ಕಾಲು ಯಾವ ಮೂಲೆದು ಅಂತ ಒಳಗಡೆ ಸೀಸದಕಡ್ಡೀಲಿ ನಂಬರ್ ಹಾಕಿಸಿ, ಮೊದ್ಲೇ ಬಡಗಿ ಹಾಕಿರೋ ನಂಬರೋ ಗೀಟೋ ಅಲ್ಲಿ ಇದ್ರೆ ಅದನ್ನ ಅಳಿಸದೆ ಒಂದು ಫೋಟೊ ತೆಗೆದು ನನಗೆ ಕಳಿಸಿ, ನೋಡಿ ಹೇಳ್ತೀನಿ.